ಸರಸ್ವತಿಯ ಮನೆಯ ಖರ್ಚು

ಲಕ್ಷ್ಮಿಗೂ ಸರಸ್ವತಿಗೂ ಹೊಂದಿಕೆಯಿಲ್ಲ, ಒಬ್ಬಳು ಇರುವ ಮನೆಯಲ್ಲಿ ಇನ್ನೊಬ್ಬಳು ನಿಲ್ಲಳು ಎಂಬ ಮಾತು ಬಹಳ ಹಳೆಯದು. ಇಬ್ಬರೂ ಅತ್ತೆ ಸೊಸೆಯರಾದುದರಿಂದ ಈ ವಿರಸ ಸಹಜವೇ ಎಂದು ಹಿರಿಯರು ನಗೆಯಾಡುವುದೂ ಉಂಟು. ವಿದ್ವಾಂಸನ ಮನೆಯ ಮಾಡು ಸೋರುವುದನ್ನೂ, ಸಾಹುಕಾರನ ಮನೆಯ ಬೀರುವಿನಲ್ಲಿ ಒಂದು ಪುಸ್ತಕವೂ ಇಲ್ಲದಿರುವುದನ್ನೂ ಕಂಡವರಿಗೆ ಇದು ನಿಜವೆಂದೇ ತೋರುತ್ತದೆ. ಆದರೆ ಮನೆಯ ಮಗನೋ ಮಗಳೋ ಪರೀಕ್ಷೆ ಮುಗಿಸಿ ಬಂದು, ‘ಚಿತ್ರಕಲೆ ಕಲಿಯುತ್ತೇನೆ’ ಎಂದೋ ‘ನಾಟಕದ ಶಾಲೆಗೆ ಸೇರುತ್ತೇನೆ’ ಎಂದೋ ಹೇಳಿದ ದಿನ ಈ ಗಾದೆ ನಗೆಯ ಮಾತಾಗಿ ಉಳಿಯುವುದಿಲ್ಲ. ಅಂದು ತಂದೆಯ ಬಾಯಿಂದ ಬರುವ ಪ್ರಶ್ನೆ ಒಂದೇ: ‘ಹೊಟ್ಟೆಪಾಡಿಗೆ ಏನು ಮಾಡುತ್ತೀಯಪ್ಪಾ?’

ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಕ್ಕಳ ಮೇಲಣ ಅಕ್ಕರೆಯೇ ಆ ಪ್ರಶ್ನೆಯ ವೇಷ ತೊಟ್ಟು ಬಂದಿರುತ್ತದೆ. ಆದರೆ ಪ್ರಶ್ನೆ ಅರ್ಧವಾಗಿದೆ. ಪ್ರತಿಭೆಯಿಂದ ಹಣ ಬರುವುದೇ ಎಂದು ಮಾತ್ರ ಅದು ಕೇಳುತ್ತದೆ. ಪ್ರತಿಭೆಯು ಕಣ್ಣುಬಿಟ್ಟ ದಿನಕ್ಕೂ ಫಲಕೊಡುವ ದಿನಕ್ಕೂ ನಡುವೆ ಇರುವ ಕಾಲದ ಖರ್ಚನ್ನು ಹೊರುವವರು ಯಾರು ಎಂದು ಅದು ಕೇಳುವುದಿಲ್ಲ. ನಿಜವಾದ ಕಷ್ಟವಿರುವುದು ಆ ನಡುಗಾಲದಲ್ಲಿಯೇ.

ಇದನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಅಡಿಕೆ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಸಸಿ ನೆಟ್ಟ ವರ್ಷವೇ ಸಿಂಗಾರ ಬಿಡಬೇಕೆಂದು ಅವನು ಹಟ ಹಿಡಿಯುವುದಿಲ್ಲ. ಐದಾರು ವರ್ಷ, ಕೆಲವು ವೇಳೆ ಇನ್ನೂ ಹೆಚ್ಚು ಕಾಲ, ಅವನು ಗೊಬ್ಬರ ಹಾಕುತ್ತಾನೆ, ಸೊಪ್ಪು ಹೊದಿಸುತ್ತಾನೆ, ಬಿಸಿಲಿಗೆ ಮರೆ ಕಟ್ಟುತ್ತಾನೆ. ಅಷ್ಟು ದಿನ ಮನೆ ನಡೆಯಬೇಕಲ್ಲ? ಅದಕ್ಕಾಗಿ ಸಾಲುಗಳ ನಡುವೆ ಬಾಳೆ ನೆಡುತ್ತಾನೆ. ಬಾಳೆ ನೆರಳೂ ಕೊಡುತ್ತದೆ, ವರ್ಷದೊಳಗೆ ನಾಲ್ಕು ಕಾಸೂ ಕೊಡುತ್ತದೆ. ಸಸಿ ಮೊದಲ ವರ್ಷದಲ್ಲಿ ಕಾಯಿ ಬಿಡಲಿಲ್ಲವೆಂದು ಅದನ್ನು ಕಿತ್ತೆಸೆಯುವವನನ್ನು ಊರು ಮೂರ್ಖನೆನ್ನುತ್ತದೆ. ಆದರೆ ಸಸಿಗಳ ವಿಷಯದಲ್ಲಿ ಇರುವ ಈ ವಿವೇಕ ಮಕ್ಕಳ ವಿಷಯದಲ್ಲಿ ಎಲ್ಲ ಮನೆಗಳಲ್ಲಿಯೂ ಕಾಣಬರುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕೀರ್ತಿವಂತರ ಬಾಳನ್ನು ಈ ಕಣ್ಣಿನಿಂದ ನೋಡಿದರೆ ಹೊಸದೊಂದು ಅರ್ಥ ಹೊಳೆಯುತ್ತದೆ. 1904ರಲ್ಲಿ ಹುಟ್ಟಿದ ಕುವೆಂಪು ಅವರು ಕುಪ್ಪಳಿಯ ಜಮೀನುದಾರರ ಮನೆಯವರು. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು ಓದಲೆಂದು ಮೈಸೂರಿಗೆ ಬಂದ ಆ ತರುಣನಿಗೆ ಅಲ್ಲಿಯ ಶ್ರೀರಾಮಕೃಷ್ಣಾಶ್ರಮ ಹಲವು ವರ್ಷ ನೆಲೆ ಕೊಟ್ಟಿತು. 1929ರಲ್ಲಿ ಎಂ.ಎ. ಮುಗಿದೊಡನೆ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರ ಕೆಲಸ ಸಿಕ್ಕಿತು. ‘ಶ್ರೀರಾಮಾಯಣ ದರ್ಶನಂ’ 1936ರಲ್ಲಿ ಆರಂಭವಾಗಿ 1946ರಲ್ಲಿ ಮುಗಿಯಿತು, ಅಚ್ಚಾದದ್ದು 1949ರಲ್ಲಿ. ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1955ರಲ್ಲಿ, ಜ್ಞಾನಪೀಠದ ಗೌರವ ದೊರೆತದ್ದು 1967ನೆಯ ಸಾಲಿಗೆ. ಮೊದಲ ಪಂಕ್ತಿ ಬರೆದ ದಿನದಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷಕ್ಕೂ ಮೇಲಾಯಿತು. ಆ ಮಹಾಕಾವ್ಯಕ್ಕೆ ಪ್ರತಿಭೆ ಎಲ್ಲಿಂದ ಬಂದಿತೆಂಬುದನ್ನು ವಿಮರ್ಶಕರು ಹೇಳಲಿ. ಅದನ್ನು ಬರೆಯಲು ಬೇಕಾದ ಹತ್ತು ವರ್ಷದ ಸಂಜೆಗಳು ಬಂದದ್ದು ತಿಂಗಳು ತಿಂಗಳೂ ತಪ್ಪದೆ ಕೈಸೇರುತ್ತಿದ್ದ ಅಧ್ಯಾಪಕರ ಸಂಬಳದಿಂದ. ಸಂಬಳವು ಕಾವ್ಯವನ್ನು ಬರೆಯಲಿಲ್ಲ, ನಿಜ. ಆದರೆ ‘ನಾಳೆಯ ಅಕ್ಕಿಗೇನು’ ಎಂಬ ಚಿಂತೆಯನ್ನು ಕವಿಯ ಮೇಜಿನಿಂದ ದೂರ ಇರಿಸಿತು.

ಅದೇ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ಕಥೆಯೂ ಇಂಥದೇ. ಅವರು ಇಂಗ್ಲಿಷ್ ಅಧ್ಯಾಪಕರಾಗಿದ್ದು, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. 1965ರಲ್ಲಿ ಹೊರಬಂದ ‘ಸಂಸ್ಕಾರ’ ಬರೆಯಲ್ಪಟ್ಟದ್ದು ಆ ನಗರದಲ್ಲಿ. ಮಲೆನಾಡಿನ ಅಗ್ರಹಾರದ ಕಥೆಗೆ ಬೇಕಾದ ಏಕಾಂತವನ್ನು ಸಾವಿರಾರು ಮೈಲಿ ದೂರದ ಒಂದು ವಿದ್ಯಾರ್ಥಿವೇತನ ಒದಗಿಸಿತೆಂಬುದು ವಿಚಿತ್ರವಾದರೂ ಸತ್ಯ. ಅವರ ಕಥೆಯನ್ನು ಆಧರಿಸಿ 1977ರಲ್ಲಿ ‘ಘಟಶ್ರಾದ್ಧ’ ಚಿತ್ರವನ್ನು ತೆಗೆದು ಸ್ವರ್ಣಕಮಲ ಗಳಿಸಿದ ಗಿರೀಶ ಕಾಸರವಳ್ಳಿಯವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಅವರು ಮೊದಲು ಮಣಿಪಾಲದಲ್ಲಿ ಔಷಧಶಾಸ್ತ್ರದ ಪದವಿ ಪಡೆದು, ಅನಂತರ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿ 1975ರಲ್ಲಿ ಹೊರಬಂದರು. ಆ ಸಂಸ್ಥೆ ಸರ್ಕಾರದ್ದು. ತೋಟದ ಭಾಷೆಯಲ್ಲಿ ಹೇಳುವುದಾದರೆ, ಅಧ್ಯಾಪಕ ವೃತ್ತಿ, ವಿದ್ಯಾರ್ಥಿವೇತನ, ಇನ್ನೊಂದು ಪದವಿ ಇವೆಲ್ಲ ಅಡಿಕೆಯ ನಡುವೆ ನೆಟ್ಟ ಬಾಳೆಗಳು.

ಇಲ್ಲಿ ಒಬ್ಬ ಹೆಣ್ಣುಮಗಳನ್ನು ನೆನೆಯದಿದ್ದರೆ ಲೆಕ್ಕ ತಪ್ಪುತ್ತದೆ. ಎಂ. ಕೆ. ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಶಾಲೆಯ ಓದು ಸ್ವಲ್ಪವೇ. ಮದುವೆಯೋ ಬಾಲ್ಯದಲ್ಲಿಯೇ ಆಯಿತು. ‘ತುಂಗಭದ್ರಾ’ ಕಾದಂಬರಿ ಪ್ರಕಟವಾದ 1963ರಲ್ಲಿ ಅವರಿಗೆ 46 ವರ್ಷ ವಯಸ್ಸು. 1976ರಲ್ಲಿ ‘ಫಣಿಯಮ್ಮ’ ಬಂದಿತು. 1983ರಲ್ಲಿ ಅದು ಪ್ರೇಮಾ ಕಾರಂತರ ಕೈಯಲ್ಲಿ ಚಲನಚಿತ್ರವಾಯಿತು. ಅಷ್ಟು ಜನರನ್ನೂ ಅಷ್ಟು ಮಾತುಗಳನ್ನೂ ಮನಸ್ಸಿನಲ್ಲಿ ತುಂಬಿಕೊಂಡಿದ್ದ ಲೇಖನಿ ನಲವತ್ತು ವರ್ಷ ದಾಟುವವರೆಗೆ ಕಾದದ್ದೇಕೆ? ಸಂಸಾರದ ಹೊರೆ ಹೊತ್ತ ಗೃಹಿಣಿಯರಿಗೆ ಆ ಪ್ರಶ್ನೆಗೆ ಉತ್ತರ ಬೇಕಿಲ್ಲ. ಮನೆಯಲ್ಲಿ ಹಣವಿರಬಹುದು, ಹೆಣ್ಣಿನ ಕೈಗೆ ಬಿಡುವು ಇರದಿದ್ದರೆ ಆ ಹಣವು ಅವಳ ಪ್ರತಿಭೆಯ ಪಾಲಿಗೆ ಇಲ್ಲದಂತೆಯೇ ಸರಿ. ಪ್ರತಿಭೆಗೆ ಹಣ ಬೇಕೆಂದರೆ ಹಣ ಕೊಳ್ಳುವ ಬಿಡುವು ಬೇಕೆಂದೇ ಅರ್ಥ.

‘ಬಡತನವೇ ಪ್ರತಿಭೆಯ ಸಾಣೆಕಲ್ಲು. ಬೀದಿದೀಪದ ಕೆಳಗೆ ಓದಿದವರು ದೊಡ್ಡವರಾಗಲಿಲ್ಲವೆ?’ ಎಂದು ಇಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆದವರುಂಟು; ಅವರಿಗೆ ನಮಸ್ಕಾರ. ಆದರೆ ಅದೇ ದೀಪದ ಕೆಳಗೆ ಕುಳಿತು, ಕಣ್ಣು ಮಂಜಾಗಿ, ಪುಸ್ತಕ ಮುಚ್ಚಿ, ಕೂಲಿಗೆ ಎದ್ದುಹೋದವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಹೊಳೆಯನ್ನು ಈಜಿ ದಾಟಿದ ಒಬ್ಬನನ್ನು ತೋರಿಸಿ ಸೇತುವೆ ಬೇಡವೆನ್ನುವುದು ನ್ಯಾಯವಾಗದು.

ಹಾಗೆ ಲೆಕ್ಕಕ್ಕೆ ಸಿಕ್ಕದೆ ಹೋದ ಪ್ರತಿಭೆಗೆ ಸಾಕ್ಷಿಯನ್ನು ಸಾಗರದ ಸೀಮೆಯಲ್ಲಿಯೇ ಕಾಣಬಹುದು. ಅಲ್ಲಿಯ ದೀವರ ಮನೆಗಳಲ್ಲಿ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಇಂದು ಹೆಸರಾಗಿದೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಇಷ್ಟೇ ಸಾಮಗ್ರಿ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಆ ಚಿತ್ತಾರದ ಮುಂದೆ. ಭೂಮಿ ಹುಣ್ಣಿಮೆಗೆ ಬುಟ್ಟಿಗಳ ಮೇಲೆಯೂ ಅದೇ ನವುರಾದ ಗೆರೆಗಳು ಮೂಡುತ್ತವೆ. ಅಳತೆಗೋಲಿಲ್ಲದೆ ಎಳೆದ ಆ ಗೆರೆಗಳ ನೇರವನ್ನು ಕಂಡರೆ ಕಲಾಶಾಲೆಯ ವಿದ್ಯಾರ್ಥಿಗಳೂ ಬೆರಗಾಗಬೇಕು. ಆದರೆ ಗೋಡೆಯನ್ನು ಕಿತ್ತು ಮಾರುವಂತಿಲ್ಲ. ಬರೆದವಳಿಗೆ ದೊರೆಯುತ್ತಿದ್ದುದು ಮನ್ನಣೆ, ಎಲೆಯಡಿಕೆ, ಒಂದು ಊಟ. ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಇಳಿದ ಮೇಲೆಯೇ ಅದಕ್ಕೆ ಬೆಲೆ ಎಂಬುದು ಹುಟ್ಟಿತು.

ಈ ಹೆಂಗಸರ ಮನೆಯ ಗಂಡಸರಲ್ಲಿ ಬಹುಮಂದಿ ಗೇಣಿಯ ಒಕ್ಕಲುಗಳಾಗಿದ್ದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ಸತ್ಯಾಗ್ರಹ ನಾಡಿಗೆಲ್ಲ ತಿಳಿದದ್ದೇ. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿಯ ಜಗಳದ ಬೀಜ. ರಾಮಮನೋಹರ ಲೋಹಿಯಾ ಅವರು ಬಂದು ಅಲ್ಲಿ ಸೆರೆಯಾದರು. ದೊಡ್ಡ ಕೊಳಗದಲ್ಲಿ ಹೆಚ್ಚಾಗಿ ಹೋದದ್ದು ಭತ್ತ ಮಾತ್ರವೆ? ಒಬ್ಬ ಹುಡುಗನು ಶಾಲೆಯಲ್ಲಿ ಇನ್ನೆರಡು ವರ್ಷ ಕುಳಿತಿರಬಹುದಾಗಿದ್ದ ಕಾಲವೂ ಆ ಕೊಳಗದೊಳಗೇ ಹೋಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯು ಒಕ್ಕಲಿಗೆ ನೆಲ ಕೊಟ್ಟಿತೆನ್ನುವುದು ವಾಡಿಕೆ; ನೆಲದ ಜೊತೆಗೆ ಅದು ಆ ಮನೆಯ ಮಕ್ಕಳಿಗೆ ನಡುಗಾಲವನ್ನೂ ಕೊಟ್ಟಿತು.

ಕಾಲದಂತೆಯೇ ಇನ್ನೊಂದು ಖರ್ಚೂ ಉಂಟು. ಅದು ಕೈತಪ್ಪಿನ ಖರ್ಚು. ಕಲಿಯುವವನು ಕೆಡಿಸಲೇಬೇಕು. ಕೆಡಿಸದೆ ಕಲಿತವರು ಯಾರೂ ಇಲ್ಲ. ಸಾಗರ, ಸೊರಬಗಳ ಗುಡಿಗಾರರು ಇದನ್ನು ಚೆನ್ನಾಗಿ ಬಲ್ಲರು. ಗಂಧದ ಕೊರಡಿನಲ್ಲಿ ಬಳ್ಳಿ, ಹೂ, ಆನೆ, ದೇವತೆಗಳನ್ನು ಮೂಡಿಸುವ ಈ ಮನೆತನಗಳ ಕೈಚಳಕ ದೇಶವಿದೇಶಗಳಲ್ಲಿ ಮೆಚ್ಚುಗೆ ಪಡೆದಿದೆ. ಆದರೆ ಕೈಯಲ್ಲಿರುವ ಉಳಿ ತನ್ನದಾದರೂ ಎದುರಿಗಿರುವ ಮರ ತನ್ನದಲ್ಲ. ಶ್ರೀಗಂಧವು ಬಹುಕಾಲ ರಾಜವೃಕ್ಷವಾಗಿತ್ತು. ಸ್ವಂತ ನೆಲದಲ್ಲಿ ಬೆಳೆದ ಗಂಧದ ಮರಕ್ಕೆ ನೆಲದವನೇ ಒಡೆಯನೆಂಬ ಮಾತು ಕರ್ನಾಟಕದ ಕಾನೂನಿನಲ್ಲಿ ಬಂದದ್ದು 2001ರ ತಿದ್ದುಪಡಿಯಿಂದ. ಮರ ಅಪರೂಪವಾದಂತೆಲ್ಲ ಬೆಲೆ ಏರಿ, ಇಂದು ಕಿಲೋಗ್ರಾಮಿಗೆ ಸಾವಿರಾರು ರೂಪಾಯಿ ಆಗಿದೆ. ಹೀಗಿರುವಾಗ ಹದಿನೈದು ವರ್ಷದ ಹುಡುಗನ ಕೈಗೆ ಗಂಧದ ತುಂಡನ್ನು ಕೊಟ್ಟು ‘ಕೆತ್ತು, ಕೆಟ್ಟರೆ ಕೆಡಲಿ’ ಎನ್ನುವ ಧೈರ್ಯ ಯಾವ ತಂದೆಗೆ ಉಂಟು? ಆದುದರಿಂದ ಅವನು ಶಿವನೆಯಂಥ ಅಗ್ಗದ ಮರದ ಮೇಲೆ ಕೈ ಪಳಗಿಸಿಕೊಳ್ಳುತ್ತಾನೆ. ಪಳಗಿದ ಮೇಲೂ ಮರ ಕೊಳ್ಳಲು ಬಂಡವಾಳವಿಲ್ಲದೆ ಬೇರೆಯವರ ಮರಕ್ಕೆ ಕೂಲಿ ಕೆತ್ತಬೇಕಾಗಿ ಬರುವುದುಂಟು. ಆಗ ವಿಗ್ರಹದ ಬೆಲೆಯಲ್ಲಿ ಸಿಂಹಪಾಲು ಮರಕ್ಕೂ ಮಾರುವವನಿಗೂ ಸಲ್ಲುತ್ತದೆ. ಬೆರಳುಗಳಿಗೆ ಸಲ್ಲುವುದು ದಿನಗೂಲಿ ಮಾತ್ರ.

ಕೈತಪ್ಪು ಅಗ್ಗವಾದಷ್ಟೂ ವಿದ್ಯೆ ಹೆಚ್ಚು ಜನಕ್ಕೆ ಎಟಕುತ್ತದೆ. ಇದಕ್ಕೆ ನಾಲ್ಕು ಶತಮಾನದ ಹಿಂದಿನ ಒಂದು ಸೊಗಸಾದ ಸಾಕ್ಷ್ಯವುಂಟು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗೇರುಸೊಪ್ಪೆಯ ಕಡೆಯಿಂದ ಘಟ್ಟವೇರಿ, ಕೆಳದಿಯ ಅರಸರ ರಾಜಧಾನಿಯಾಗಿದ್ದ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿಕೊಂಡು, ರಾಗವಾಗಿ ಹಾಡುತ್ತ, ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ಕಂಡು ಅವನು ತನ್ನ ಪತ್ರದಲ್ಲಿ ವಿವರವಾಗಿ ವರ್ಣಿಸಿದ್ದಾನೆ. ಮರಳು ತುಂಬಿದರೆ ಅಳಿಸಿ ಮತ್ತೆ ಹರಡಿದರಾಯಿತು; ಕಾಗದವೂ ಮಸಿಯೂ ಹಾಳಾಗುವುದಿಲ್ಲ. ತಪ್ಪು ಬರೆದರೆ ನಷ್ಟವೇನು? ಒಂದು ಹಿಡಿ ಮರಳು. ಗಣಿತಕ್ಕೆ ಮರಳು ಸಾಕು. ಶಿಲ್ಪಕ್ಕೆ, ಸಂಗೀತಕ್ಕೆ, ನಾಟಕಕ್ಕೆ ಅಷ್ಟು ಅಗ್ಗದ ನೆಲ ಸುಲಭವಾಗಿ ದೊರೆಯದು. ಅದನ್ನು ಯಾರಾದರೂ ಒದಗಿಸಬೇಕು.

ಯಾರು ಒದಗಿಸಬೇಕು? ಹಿಂದೆ ‘ಅರಸ’ ಎಂಬ ಒಂದೇ ಉತ್ತರವಿತ್ತು. ಇಕ್ಕೇರಿಯ ಬಳಿಕ ಕೆಳದಿಯವರ ರಾಜಧಾನಿಯಾದ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಮೆಣಸು, ಅಕ್ಕಿಗಳ ವ್ಯಾಪಾರದಿಂದ ಆ ರಾಜ್ಯದ ಬೊಕ್ಕಸ ತುಂಬುತ್ತಿತ್ತು. ಅಲ್ಲಿ 1697ರಿಂದ 1714ರವರೆಗೆ ಆಳಿದ ಬಸಪ್ಪ ನಾಯಕನು ತಾನೇ ವಿದ್ವಾಂಸನಾಗಿದ್ದು, ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನು ರಚಿಸಿದನು. ರಾಜನೀತಿ, ವೈದ್ಯ, ಸಂಗೀತ, ನೃತ್ಯ, ಪಾಕಶಾಸ್ತ್ರ ಎಲ್ಲವೂ ಅದರಲ್ಲಿವೆ. ಲಕ್ಷ್ಮೀ ಸರಸ್ವತಿಯರು ಒಂದೇ ಚಾವಡಿಯಲ್ಲಿ ಕುಳಿತ ಕಾಲವದು. ಆದರೆ 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡನು. ಬೊಕ್ಕಸದ ಜೊತೆಗೆ ಆಸ್ಥಾನವೂ ಹೋಯಿತು. ಒಬ್ಬನೇ ದಾತನನ್ನು ನಂಬಿದ ಕಲೆಗೆ ಇದೇ ಭಯ. ದಾತನ ಆಯುಷ್ಯವೇ ಅದರ ಆಯುಷ್ಯ. ದಾತನ ರುಚಿಯೇ ಅದರ ರುಚಿ.

ಅರಸರು ಹೋದರೂ ಮಲೆನಾಡಿನಲ್ಲಿ ಯಕ್ಷಗಾನ ಉಳಿಯಿತು. ಹರಕೆಯ ಆಟವನ್ನು ಇಂದು ಈ ಮನೆಯವರು ಆಡಿಸಿದರೆ ನಾಳೆ ಆ ಊರಿನವರು ಆಡಿಸುತ್ತಾರೆ. ಕೊಡುವವರು ಹಲವರು, ಕೊಡುವುದು ಸ್ವಲ್ಪ ಸ್ವಲ್ಪ. ಒಂದು ಮನೆ ಬಡವಾದರೆ ಮೇಳ ನಿಲ್ಲುವುದಿಲ್ಲ. ಆದರೂ ಕಲಾವಿದನಿಗೆ ಮಳೆಗಾಲವೆಂಬ ಅಗ್ನಿಪರೀಕ್ಷೆ ತಪ್ಪಲಿಲ್ಲ. ದೀಪಾವಳಿಯ ಅನಂತರ ಹೊರಟ ಮೇಳ ಮಳೆ ಹಿಡಿಯುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ಆ ಮೇಲಿನ ತಿಂಗಳುಗಳಲ್ಲಿ ರಾತ್ರಿಯ ದೇವೇಂದ್ರನು ಹಗಲಿನ ಗದ್ದೆಯಾಳಾಗಬೇಕಾಗುತ್ತದೆ.

ಹಲವರು ಸ್ವಲ್ಪ ಸ್ವಲ್ಪವಾಗಿ ಹೊರುವ ಈ ಮಾರ್ಗವನ್ನು ಬುದ್ಧಿಪೂರ್ವಕವಾಗಿ ಕಟ್ಟಿದರೆ ಏನಾದೀತೆಂಬುದಕ್ಕೆ ಸಾಗರದ ಸಮೀಪದ ಹೆಗ್ಗೋಡೇ ಉತ್ತರ. 1949ರಲ್ಲಿ ಆ ಹಳ್ಳಿಯ ಅಡಿಕೆ ಬೆಳೆಗಾರರೂ ಗೆಳೆಯರೂ ಕೂಡಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಸ್ಥಾಪಿಸಿದರು. ಕೆ. ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಓದಿ, ಪಟ್ಟಣದ ನೌಕರಿಯನ್ನು ಅರಸದೆ ಊರಿಗೆ ಮರಳಿ ಅದನ್ನು ಬೆಳೆಸಿದರು. 1957ರಲ್ಲಿ ಅಕ್ಷರ ಪ್ರಕಾಶನ, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಒಂದೊಂದಾಗಿ ಬಂದುವು. ಸಂಘ ಹುಟ್ಟಿದ ವರ್ಷಕ್ಕೂ ಶಿಕ್ಷಣ ಕೇಂದ್ರ ತೆರೆದ ವರ್ಷಕ್ಕೂ ನಡುವೆ 31 ವರ್ಷಗಳಿವೆ ಎಂಬುದನ್ನು ಓದುಗರು ಗಮನಿಸಬೇಕು. ಅಷ್ಟು ಕಾಲ ಅದನ್ನು ಹೊತ್ತದ್ದು ಊರವರ ಬಿಡುವಿನ ಸಂಜೆಗಳು. ಸರ್ಕಾರದ ನೆರವು, ಫೋರ್ಡ್ ಪ್ರತಿಷ್ಠಾನದಂಥ ಹೊರಗಿನವರ ನೆರವು ದೊರೆತದ್ದೂ ಉಂಟು. ಆದರೆ ಹೊರಗಿನ ನೀರು ಹಾಯಿಸುವ ಮೊದಲೇ ಬೇರು ನೆಲಕ್ಕೆ ಇಳಿದಿತ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಳ್ಳಿಯೊಂದರ ಹೆಸರು ಜಗತ್ತಿಗೆ ತಿಳಿಯಿತು.

ಅಲ್ಲಿ ಕಲಿತವರೆಲ್ಲರೂ ದೊಡ್ಡ ನಟರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಒಬ್ಬನಲ್ಲಿ ಎಷ್ಟು ಶಕ್ತಿಯಿದೆ ಎಂದು ಅವನೂ ಲೋಕವೂ ತಿಳಿಯುವುದಕ್ಕೆ ಅನ್ನ, ಅಂಗಳ, ಗುರು ಮೂರೂ ಇರುವ ಒಂದಷ್ಟು ಕಾಲ ಬೇಕು. ಆ ಕಾಲವನ್ನು ಕಂಡ ಮೇಲೆ ‘ನನಗೆ ಇದು ಒಗ್ಗದು’ ಎಂದು ಮರಳಿದವನು ಸೋತವನಲ್ಲ. ಕಾಲವೇ ಸಿಗದೆ, ಒಗ್ಗುತ್ತಿತ್ತೋ ಇಲ್ಲವೋ ಎಂದು ಬಾಳಿಡೀ ಕೊರಗುವವನ ನಷ್ಟವೇ ನಷ್ಟ.

ಹಾಗೆಂದು, ಮನೆಯ ಒಡವೆ ಅಡವಿಟ್ಟಾದರೂ ಮಕ್ಕಳ ಹಂಬಲವನ್ನೆಲ್ಲ ಪೂರೈಸಬೇಕೆಂದು ಯಾರೂ ಹೇಳಲಾರರು. ಸಂಬಳದ ಸಂಸಾರಕ್ಕೆ ಅದರ ಮಿತಿ ಗೊತ್ತು. ಆದರೆ ತಂದೆಯಾದವನು ‘ಹೊಟ್ಟೆಪಾಡಿಗೇನು’ ಎಂದು ಕೇಳಿ ಮಾತು ಮುಗಿಸದೆ, ‘ಎಷ್ಟು ವರ್ಷ ಬೇಕು? ಆ ವರ್ಷಗಳಲ್ಲಿ ನಡುವೆ ಯಾವ ಬಾಳೆ ನೆಡೋಣ?’ ಎಂದು ಮಗಳ ಜೊತೆ ಕುಳಿತು ಲೆಕ್ಕ ಹಾಕಬಹುದು. ಬಾಳೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಾಳೆ ದಟ್ಟವಾಗಿ ಹಬ್ಬಿ ಸಸಿಗೆ ಬೆಳಕೇ ಬೀಳದಂತಾದರೆ ತೋಟ ಬಾಳೆಯ ತೋಟವಾಗಿಯೇ ಉಳಿಯುತ್ತದೆ. ‘ಮೊದಲು ನೌಕರಿ, ಆಮೇಲೆ ಸಂಗೀತ’ ಎಂದು ಹೊರಟ ಎಷ್ಟೋ ಜನರ ತಂಬೂರಿ ಅಟ್ಟದ ಮೇಲೆ ಧೂಳು ತಿನ್ನುತ್ತಿರುವುದು ಹೀಗೆಯೇ.

ಒಂದು ಮನೆಗೆ ಹೊರಲಾಗದ ಕಡೆ ಊರು ಹೊರಬಹುದು. ಮದುವೆಯ ಚಪ್ಪರಕ್ಕೆ ಲಕ್ಷಗಟ್ಟಲೆ ಸುರಿಯುವ ಬೀದಿಯಲ್ಲಿ ಒಬ್ಬ ಹುಡುಗಿಯ ಎರಡು ವರ್ಷದ ಸಂಗೀತಪಾಠಕ್ಕೆ ಹತ್ತು ಮನೆಗಳು ಕೂಡಿದರೆ ಯಾರ ಮೇಲೂ ಭಾರವಾಗದು. ಹಣ ಪ್ರತಿಭೆಯನ್ನು ಹುಟ್ಟಿಸಲಾರದು. ಅದನ್ನು ಬಿದನೂರಿನ ಬೊಕ್ಕಸವೂ ಮಾಡಲಾರದಾಗಿತ್ತು. ಹುಟ್ಟಿದ್ದನ್ನು ಕಾಯುವುದಕ್ಕೆ ಮಾತ್ರ ಹಣ ಬೇಕು, ಅದೂ ಕೋಟಿಗಟ್ಟಲೆ ಅಲ್ಲ, ತಿಂಗಳಿಗಿಷ್ಟು ಎಂದು. ಸರಸ್ವತಿಯ ಮನೆಯ ಖರ್ಚು ದೊಡ್ಡದಲ್ಲ. ಆದರೆ ಅದನ್ನು ಫಲ ಕಾಣುವ ಮೊದಲೇ ಕೊಡಬೇಕಾಗುತ್ತದೆ; ಕೊಡುವವರು ಕೈ ಹಿಂದೆಗೆಯುವುದೂ ಅದಕ್ಕಾಗಿಯೇ.